ಕಾಡಿಗೆ ಬಂದ ಅತಿಥಿಗಳು

ಪ್ರವಾಸವೆಂಬುದು ಮಾನವನಿಗೆ ಹೊಸದಲ್ಲ. ನಮ್ಮ ಹಿರಿಯರು ಕಾಶಿ ರಾಮೇಶ್ವರಗಳಿಗೆ ಕಾಲ್ನಡಿಗೆಯಲ್ಲಿ ಹೋಗಿಬರುತ್ತಿದ್ದರು. ಮರಳಿ ಬರುವ ಭರವಸೆ ಇಲ್ಲದುದರಿಂದ ಮನೆಯವರಿಗೆ ಹೇಳಬೇಕಾದುದನ್ನೆಲ್ಲ ಹೇಳಿಯೇ ಹೊರಡುತ್ತಿದ್ದರು. ಅನಂತರದ ಕಾಲದಲ್ಲಿ ಅರಮನೆ, ಕೋಟೆ, ಶಿಲ್ಪ, ಮಹಾನಗರಗಳನ್ನು ಕಾಣುವ ಹಂಬಲ ಜನರನ್ನು ಊರೂರು ಸುತ್ತಿಸಿತು. ಆದರೆ ಜಡಿಮಳೆಯ ರಾತ್ರಿಯಲ್ಲಿ ಕೈದೀಪ ಹಿಡಿದು, ಕೆಸರಿನಲ್ಲಿ ಕಾಲು ಹೂಳುತ್ತ, ಎಲೆಯ ಅಡಿಯಲ್ಲಿ ಕುಳಿತ ಹೆಬ್ಬೆರಳ ಗಾತ್ರದ ಕಪ್ಪೆಯೊಂದನ್ನು ಕಾಣಲು ಸಾವಿರಾರು ಕಿಲೋಮೀಟರ್ ದೂರದಿಂದ ಹಣ ತೆತ್ತು ಬರುವ ಪ್ರವಾಸಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಸೃಷ್ಟಿ. ಇಂಥ ಪ್ರವಾಸಿಗಳನ್ನು ಬಹುಸಂಖ್ಯೆಯಲ್ಲಿ ತನ್ನೆಡೆಗೆ ಸೆಳೆದುಕೊಂಡ ದೇಶಗಳಲ್ಲಿ ಮಧ್ಯ ಅಮೆರಿಕದ ಕೋಸ್ಟರಿಕಾ ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಅಲ್ಲಿ ಜಗತ್ಪ್ರಸಿದ್ಧವಾದ ದೇಗುಲವಿಲ್ಲ, ಪಿರಮಿಡ್ಡುಗಳಿಲ್ಲ. ಆದರೂ 2019ರಲ್ಲಿ ಆ ಪುಟ್ಟ ದೇಶಕ್ಕೆ 30 ಲಕ್ಷಕ್ಕೂ ಹೆಚ್ಚು ವಿದೇಶೀಯರು ಬಂದರು. ಆ ದೇಶದ ಜನಸಂಖ್ಯೆಯೇ ಸುಮಾರು 50 ಲಕ್ಷ.

ಭೂಪಟವನ್ನು ತೆರೆದು ನೋಡಿದರೆ ಉತ್ತರ ಅಮೆರಿಕ ಮತ್ತು ದಕ್ಷಿಣ ಅಮೆರಿಕಗಳನ್ನು ಬೆಸೆಯುವ ಕಿರಿದಾದ ಭೂಸಂಧಿಯೊಂದು ಕಾಣುತ್ತದೆ. ಅದರಲ್ಲಿ ಉತ್ತರಕ್ಕೆ ನಿಕರಾಗುವ, ಆಗ್ನೇಯಕ್ಕೆ ಪನಾಮ, ಇವುಗಳ ನಡುವೆ ಕೋಸ್ಟರಿಕಾ. ಪೂರ್ವದಲ್ಲಿ ಕೆರಿಬಿಯನ್ ಸಮುದ್ರ, ಪಶ್ಚಿಮದಲ್ಲಿ ಶಾಂತಸಾಗರ. ವಿಸ್ತೀರ್ಣ 51,100 ಚದರ ಕಿಲೋಮೀಟರ್, ಎಂದರೆ ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತ ತುಸು ಹೆಚ್ಚು. ದೇಶದ ನಡುವೆ ಬೆನ್ನೆಲುಬಿನಂತೆ ಪರ್ವತಶ್ರೇಣಿಗಳು ಹಾದುಹೋಗಿವೆ. ಅವುಗಳಲ್ಲಿ ಅತ್ಯುನ್ನತವಾದ ಚಿರಿಪೊ ಶಿಖರ 3,800 ಮೀಟರುಗಳಿಗೂ ಮಿಗಿಲಾದ ಎತ್ತರವುಳ್ಳದ್ದು. ಒಂದೇ ದಿನದಲ್ಲಿ ಒಂದು ಸಮುದ್ರದಲ್ಲಿ ಸೂರ್ಯೋದಯವನ್ನೂ ಮತ್ತೊಂದರಲ್ಲಿ ಸೂರ್ಯಾಸ್ತವನ್ನೂ ಕಾಣಬಹುದಾದ ನಾಡು ಅದು. ದಾರಿಯುದ್ದಕ್ಕೂ ಹವೆ ಬದಲಾಗುತ್ತಲೇ ಇರುತ್ತದೆ: ತೀರದಲ್ಲಿ ಬೆವರು, ಬೆಟ್ಟದ ತಲೆಯಲ್ಲಿ ಕಂಬಳಿ ಬೇಡುವ ಚಳಿ.

ಈ ಸಣ್ಣ ನೆಲದಲ್ಲಿ ಜೀವಸಂಪತ್ತು ಇಷ್ಟೊಂದು ಸಮೃದ್ಧವಾಗಿರುವುದಕ್ಕೆ ಕಾರಣವೂ ಭೂಪಟದಲ್ಲಿಯೇ ಇದೆ. ಸುಮಾರು 30 ಲಕ್ಷ ವರ್ಷಗಳ ಹಿಂದೆ ಈ ಭೂಸಂಧಿ ಪೂರ್ಣವಾಗಿ ಸಮುದ್ರದಿಂದ ಮೇಲೆದ್ದು ಎರಡು ಖಂಡಗಳನ್ನು ಕೂಡಿಸಿದಾಗ, ಅದುವರೆಗೆ ಬೇರೆಬೇರೆಯಾಗಿ ವಿಕಾಸ ಹೊಂದಿದ್ದ ಪ್ರಾಣಿಗಳು ಈ ಸೇತುವೆಯ ಮೇಲೆ ಎದುರುಬದುರಾಗಿ ನಡೆದವು. ಉತ್ತರದಿಂದ ಬೆಕ್ಕಿನ ಕುಲದವೂ ಜಿಂಕೆಯ ಕುಲದವೂ ದಕ್ಷಿಣಕ್ಕೆ ಇಳಿದವು. ದಕ್ಷಿಣದಿಂದ ಸ್ಲಾತ್ ಎಂಬ ಮಂದಗತಿಯ ಮರವಾಸಿಯೂ ಇರುವೆಭಕ್ಷಕವೂ ಉತ್ತರಕ್ಕೆ ಏರಿದವು. ಸಂಗಮಸ್ಥಾನದಲ್ಲಿದ್ದ ಕೋಸ್ಟರಿಕಾಕ್ಕೆ ಎರಡೂ ಕಡೆಯ ಪಾಲು ದೊರೆಯಿತು. ಅದರ ಮೇಲೆ ಎರಡು ಕಡಲುಗಳ ಗಾಳಿ, ಬೆಟ್ಟಗಳ ಏರಿಳಿತ, ಅಗ್ನಿಪರ್ವತಗಳ ಫಲವತ್ತಾದ ಬೂದಿಮಣ್ಣು. ಭಾರತದಲ್ಲಿ ಸುಮಾರು 1,350 ಬಗೆಯ ಪಕ್ಷಿಗಳಿವೆ. ಭಾರತದ ಅರುವತ್ತರಲ್ಲಿ ಒಂದು ಪಾಲೂ ಇಲ್ಲದ ಕೋಸ್ಟರಿಕಾದಲ್ಲಿ 900ಕ್ಕೂ ಹೆಚ್ಚು ಬಗೆಯವಿವೆ.

ಇಷ್ಟನ್ನು ಕೇಳಿದವರು, ಆ ಜನ ಪುಣ್ಯವಂತರು, ಪ್ರಕೃತಿ ಕೊಟ್ಟದ್ದನ್ನು ಕಾಯ್ದುಕೊಂಡು ಬಂದಿದ್ದಾರೆ ಎಂದು ಭಾವಿಸುವುದು ಸಹಜ. ವಾಸ್ತವ ಹಾಗಿಲ್ಲ. ಕೋಸ್ಟರಿಕಾದ ಕಾಡು ಕಾಯ್ದುಕೊಂಡುಬಂದ ಕಾಡಲ್ಲ. ಬಹುಮಟ್ಟಿಗೆ ಕಳೆದುಕೊಂಡು ಮತ್ತೆ ಪಡೆದ ಕಾಡು.

1502ರಲ್ಲಿ ಕೊಲಂಬಸನು ತನ್ನ ನಾಲ್ಕನೆಯ ಯಾತ್ರೆಯಲ್ಲಿ ಈ ತೀರದಲ್ಲಿ ಇಳಿದನು. ಮೂಲನಿವಾಸಿಗಳು ಧರಿಸಿದ್ದ ಚಿನ್ನದ ಒಡವೆಗಳು ಸ್ಪೇನಿನವರ ಕಣ್ಣು ಸೆಳೆದವು. ಸಂಪದ್ಭರಿತ ತೀರ ಎಂಬ ಅರ್ಥದ ಕೋಸ್ಟರಿಕಾ ಎಂಬ ಹೆಸರು ನಿಂತಿತು. ಆದರೆ ಚಿನ್ನ ಹೆಚ್ಚೇನೂ ಸಿಕ್ಕಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿಯೂ, ಆ ಶತಮಾನದ ಕೊನೆಯಲ್ಲಿ ಬಾಳೆಯೂ ಬಂದು ದೇಶಕ್ಕೆ ಅನ್ನದ ದಾರಿ ತೋರಿದವು. ಕಾಫಿಯ ತೋಟಕ್ಕೂ ಬಾಳೆಯ ತೋಟಕ್ಕೂ ಬಲಿಯಾದದ್ದು ಕಾಡು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ದನಗಾವಲಿಗಾಗಿ ಕಾಡು ಕಡಿಯುವುದು ಭರದಿಂದ ಸಾಗಿತು. ಅಲ್ಲಿಯ ಗೋಮಾಂಸಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಳ್ಳೆಯ ಗಿರಾಕಿ ಇತ್ತು. ಬಡ ರೈತನೊಬ್ಬ ಕಾಡನ್ನು ಸವರಿ ಬಯಲು ಮಾಡಿದರೆ ಅದು ನೆಲದ ‘ಸುಧಾರಣೆ’ ಎನಿಸಿಕೊಂಡು, ಆ ನೆಲದ ಮೇಲೆ ಅವನ ಹಕ್ಕು ಗಟ್ಟಿಯಾಗುತ್ತಿತ್ತು. ಮರ ನಿಂತಿದ್ದರೆ ಪಾಳುಭೂಮಿ, ಮರ ಬಿದ್ದರೆ ಆಸ್ತಿ! 1940ರ ದಶಕದಲ್ಲಿ ದೇಶದ ಮುಕ್ಕಾಲು ಭಾಗವನ್ನು ಆವರಿಸಿದ್ದ ಅರಣ್ಯ 1980ರ ದಶಕದ ಹೊತ್ತಿಗೆ ಸುಮಾರು ಕಾಲುಭಾಗಕ್ಕೆ ಇಳಿಯಿತು.

ಇದೇ ಅವಧಿಯಲ್ಲಿ ಕೆಲವರು ಪ್ರವಾಹಕ್ಕೆ ಎದುರಾಗಿ ಈಜತೊಡಗಿದರು. ಅವರಲ್ಲಿ ಮೊದಲು ನೆನೆಯಬೇಕಾದವರು ಸ್ವೀಡನ್ನಿನ ಓಲೋಫ್ ವೆಸ್‌ಬರ್ಗ್ ಮತ್ತು ಅವರ ಪತ್ನಿ, ಡೆನ್ಮಾರ್ಕಿನ ಕಾರೆನ್ ಮೊಗೆನ್ಸೆನ್. 1950ರ ದಶಕದಲ್ಲಿ ಈ ದಂಪತಿಗಳು ನಿಕೋಯಾ ಪರ್ಯಾಯದ್ವೀಪದ ತುದಿಯಲ್ಲಿರುವ ಮಾಂಟೆಸುಮ ಎಂಬಲ್ಲಿ ನೆಲ ಕೊಂಡು ಹಣ್ಣಿನ ತೋಟ ಮಾಡಿ ನೆಲಸಿದರು. ಸುತ್ತಲಿನ ಕಾಡು ತಮ್ಮ ಕಣ್ಣೆದುರಿನಲ್ಲಿಯೇ ಕರಗುತ್ತಿದ್ದುದನ್ನು ಕಂಡು ಅವರಿಗೆ ಸುಮ್ಮನಿರಲಾಗಲಿಲ್ಲ. ಭೂಶಿರದಲ್ಲಿ ಉಳಿದಿದ್ದ ಸುಮಾರು 1,200 ಹೆಕ್ಟೇರು ಕಾಡನ್ನಾದರೂ ಉಳಿಸಬೇಕೆಂದು ದೇಶವಿದೇಶಗಳಿಗೆ ಪತ್ರ ಬರೆದು ಹಣ ಕೂಡಿಸಿದರು. ರಾಜಧಾನಿ ಸ್ಯಾನ್ ಹೋಸೆಗೆ ಮತ್ತೆ ಮತ್ತೆ ಅಲೆದು ಸರ್ಕಾರದ ಬಾಗಿಲು ತಟ್ಟಿದರು. 1963ರಲ್ಲಿ ಕಾಬೊ ಬ್ಲಾಂಕೊ ರಕ್ಷಿತಾರಣ್ಯ ಘೋಷಣೆಯಾಯಿತು. ಅದು ‘ಪೂರ್ಣ’ ರಕ್ಷಿತಾರಣ್ಯ: ಬೇಟೆಗಾರನಿಗಷ್ಟೇ ಅಲ್ಲ, ನೋಡಬಂದವನಿಗೂ ಅಲ್ಲಿ ಪ್ರವೇಶವಿರಲಿಲ್ಲ. ಮುಂದೆ ಪ್ರವಾಸಿಗಳ ಸ್ವರ್ಗವೆನಿಸಿದ ದೇಶದ ಅರಣ್ಯರಕ್ಷಣೆ ಪ್ರವಾಸಿಯನ್ನು ಹೊರಗಿಡುವುದರಿಂದ ಆರಂಭವಾಯಿತೆಂಬುದು ಸ್ವಾರಸ್ಯಕರ. 1975ರಲ್ಲಿ ವೆಸ್‌ಬರ್ಗ್ ಅವರು ದೇಶದ ದಕ್ಷಿಣದಲ್ಲಿರುವ ಓಸ ಪರ್ಯಾಯದ್ವೀಪದ ದಟ್ಟಾರಣ್ಯವನ್ನು ಉಳಿಸುವ ಉದ್ದೇಶದಿಂದ ಅಲ್ಲಿಗೆ ಹೋದಾಗ ಕೊಲೆಯಾದರು. ಅದೇ ವರ್ಷ ಆ ಕಾಡು ಕೊರ್ಕೊವಾಡೊ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು.

ಸರ್ಕಾರದ ಒಳಗಿನಿಂದ ಈ ಕೆಲಸವನ್ನು ಕೈಗೆತ್ತಿಕೊಂಡವರು ಮಾರಿಯೊ ಬೋಸ ಮತ್ತು ಆಲ್ವರೊ ಉಗಾಲ್ಡೆ ಎಂಬ ಇಬ್ಬರು ತರುಣರು. 1970ರಲ್ಲಿ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಹುಟ್ಟಿದಾಗ ಅದಕ್ಕೆ ಹಣವೂ ಇರಲಿಲ್ಲ, ಸಿಬ್ಬಂದಿಯೂ ಇರಲಿಲ್ಲ. ಅವರು ಆರಂಭದಲ್ಲಿ ಆರಿಸಿಕೊಂಡ ತಾಣಗಳಲ್ಲಿ ಒಂದು ಸಾಂಟ ರೋಸ. 1856ರಲ್ಲಿ ವಿಲಿಯಂ ವಾಕರ್ ಎಂಬ ಅಮೆರಿಕನ್ ಸಾಹಸಿಯ ದಾಳಿಕೋರರನ್ನು ಕೋಸ್ಟರಿಕಾದವರು ಹಿಮ್ಮೆಟ್ಟಿಸಿದ ರಣಭೂಮಿ ಅದು. ಕಾಡಿನ ಮಾತಿಗೆ ಕಿವಿಗೊಡದವರೂ ದೇಶಾಭಿಮಾನದ ಮಾತಿಗೆ ತಲೆದೂಗುತ್ತಾರೆಂಬುದನ್ನು ಆ ತರುಣರು ಬಲ್ಲವರಾಗಿದ್ದರು. ಆಗ ದೇಶದ ಅಧ್ಯಕ್ಷರಾಗಿದ್ದವರು ಹೋಸೆ ಫಿಗೆರೆಸ್. 1948ರ ಅಂತರ್ಯುದ್ಧದಲ್ಲಿ ಗೆದ್ದ ಮೇಲೆ ಡಿಸೆಂಬರ್ 1ರಂದು ರಾಜಧಾನಿಯ ಸೈನಿಕ ಠಾಣ್ಯದ ಗೋಡೆಗೆ ಸುತ್ತಿಗೆಯೇಟು ಕೊಟ್ಟು ದೇಶದ ಸೈನ್ಯವನ್ನೇ ರದ್ದುಪಡಿಸಿದವರು ಇವರೇ. ಆ ಠಾಣ್ಯವೇ ಇಂದು ರಾಷ್ಟ್ರೀಯ ವಸ್ತುಸಂಗ್ರಹಾಲಯ. ನೆರೆಯ ದೇಶಗಳು 1980ರ ದಶಕದಲ್ಲಿ ಅಂತಃಕಲಹದಲ್ಲಿ ಬೇಯುತ್ತಿದ್ದಾಗ ಇಲ್ಲಿ ಶಾಂತಿ ನೆಲಸಿತ್ತು. ಪ್ರವಾಸಿ ನಿರ್ಭಯನಾಗಿ ಬರಲು ಅದೂ ಒಂದು ಕಾರಣವಾಯಿತು.

ಇನ್ನು ಪ್ರವಾಸಿಗಳು ಹೋಗುವ ಕೆಲವು ಸ್ಥಳಗಳನ್ನು ಹತ್ತಿರದಿಂದ ನೋಡೋಣ. ಎಲ್ಲಕ್ಕಿಂತ ವಿಶಿಷ್ಟವಾದದ್ದು ಮಾಂಟೆವರ್ಡೆ. ಯುದ್ಧವನ್ನು ಧರ್ಮಬಾಹಿರವೆಂದು ನಂಬುವ ಕ್ವೇಕರ್ ಎಂಬ ಕ್ರೈಸ್ತ ಪಂಥದ ಕೆಲವು ಕುಟುಂಬಗಳು ಅಮೆರಿಕದ ಅಲಬಾಮ ಪ್ರಾಂತದಲ್ಲಿದ್ದವು. ಸೈನ್ಯಕ್ಕೆ ಹೆಸರು ನೋಂದಾಯಿಸಲು ನಿರಾಕರಿಸಿದ್ದಕ್ಕಾಗಿ ಅವರಲ್ಲಿ ನಾಲ್ವರು ತರುಣರು ಸೆರೆಮನೆ ಸೇರಬೇಕಾಯಿತು. ಸೈನ್ಯವೇ ಇಲ್ಲದ ದೇಶವೊಂದಿದೆಯೆಂದು ಕೇಳಿ ಆ ಕುಟುಂಬಗಳು 1951ರ ಸುಮಾರಿಗೆ ಇಲ್ಲಿಗೆ ಬಂದು ಬೆಟ್ಟದ ಮೇಲೆ ನೆಲಸಿದವು. ಹಾಲು ಬೇಗ ಕೆಡುತ್ತದೆ, ಬೆಟ್ಟದ ದಾರಿ ದುರ್ಗಮ. ಆದ್ದರಿಂದ ಹಾಲನ್ನು ಚೀಸ್ ಮಾಡಿ ಮಾರಿದರು. ಅವರು ಮಾಡಿದ ಇನ್ನೊಂದು ಕೆಲಸ ಆಗ ಅಷ್ಟು ದೊಡ್ಡದಾಗಿ ಕಂಡಿರಲಾರದು: ತಮ್ಮ ತೊರೆಗಳ ಮೂಲವಾಗಿದ್ದ ಮೇಲಿನ ಕಾಡನ್ನು, ತಾವು ಕೊಂಡ ನೆಲದ ಮೂರನೆಯ ಒಂದು ಪಾಲಿನಷ್ಟನ್ನು, ಕಡಿಯದೆ ಬಿಟ್ಟರು. ನೀರಿಗಾಗಿ ಬಿಟ್ಟ ಆ ಕಾಡಿನ ಪಕ್ಕದಲ್ಲಿಯೇ 1972ರಲ್ಲಿ ಮಾಂಟೆವರ್ಡೆ ರಕ್ಷಿತಾರಣ್ಯ ರೂಪುಗೊಂಡಿತು.

ಅದು ಮೇಘಾರಣ್ಯ. ಕೆರಿಬಿಯನ್ ಕಡೆಯಿಂದ ಬೀಸುವ ತೇವಗಾಳಿ ಬೆಟ್ಟದ ಮೈಯನ್ನು ಏರುತ್ತ ತಣಿದು ಮೋಡವಾಗಿ ಮರಗಳ ನಡುವೆಯೇ ಹಾದುಹೋಗುತ್ತದೆ. ಮಳೆ ಬೀಳದ ದಿನವೂ ಎಲೆಗಳಿಂದ ನೀರು ತೊಟ್ಟಿಕ್ಕುತ್ತದೆ. ಕೊಂಬೆಕೊಂಬೆಯ ಮೇಲೂ ಹಾವಸೆ, ಜರಿಗಿಡ, ಸೀತಾಳೆಯ ಬಳಗದ ನೂರಾರು ಆರ್ಕಿಡ್‌ಗಳು. ಮರದ ತೊಗಟೆ ಎಲ್ಲಿದೆಯೆಂದು ಹುಡುಕಬೇಕು. ನಮ್ಮ ಪಶ್ಚಿಮಘಟ್ಟದ ಶೋಲ ಕಾಡನ್ನು ಆಷಾಢದಲ್ಲಿ ಹೊಕ್ಕವರಿಗೆ ಇದರ ಕಲ್ಪನೆ ಸುಲಭವಾಗಿ ಬರುತ್ತದೆ. (ನಮ್ಮ ಮಲೆನಾಡಿನ ಇಂಬಳಗಳಂಥವು ಮಾತ್ರ ಅಲ್ಲಿಲ್ಲ; ಅಷ್ಟರಮಟ್ಟಿಗೆ ಅಲ್ಲಿಯ ಪ್ರವಾಸಿ ಅದೃಷ್ಟಶಾಲಿ.) ಇಲ್ಲಿ ಪ್ರವಾಸಿಗಳು ಕಾದು ಕುಳಿತು ನೋಡುವುದು ಕೆಟ್ಸಾಲ್ ಎಂಬ ಪಕ್ಷಿಯನ್ನು. ಗಂಡಿನ ಮೈ ಮಿಂಚುವ ಹಸುರು, ಎದೆ ಕೆಂಪು. ದೇಹಕ್ಕಿಂತ ಉದ್ದವಾದ ಗರಿಗಳು ಹಿಂದೆ ಜೋಲುತ್ತಿರುತ್ತವೆ. ಕಾಡುಬೆಣ್ಣೆಹಣ್ಣಿನ ಮರ ಅದರ ಅನ್ನದ ಬಟ್ಟಲು. ಹಣ್ಣನ್ನು ಇಡಿಯಾಗಿ ನುಂಗಿ ಬೀಜವನ್ನು ಬೇರೆಡೆ ಉಗುಳುವುದರಿಂದ ಆ ಮರದ ಸಂತತಿಯೂ ಈ ಪಕ್ಷಿಯಿಂದಲೇ ಹರಡುತ್ತದೆ.

ಮಾಂಟೆವರ್ಡೆಯ ಹೆಸರಿನೊಡನೆ ದುಃಖದ ನೆನಪೊಂದೂ ಸೇರಿಕೊಂಡಿದೆ. ಅಲ್ಲಿಯ ಕೆಲವೇ ಚದರ ಕಿಲೋಮೀಟರುಗಳಲ್ಲಿ ಹೊರತು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಚಿನ್ನದ ಬಣ್ಣದ ನೆಲಗಪ್ಪೆಯನ್ನು 1966ರಲ್ಲಿ ಜೇ ಸ್ಯಾವೇಜ್ ಎಂಬ ಪ್ರಾಣಿವಿಜ್ಞಾನಿ ಜಗತ್ತಿಗೆ ಪರಿಚಯಿಸಿದರು. ಮಳೆಗಾಲದ ಮೊದಲ ಕೆಲವು ವಾರಗಳಲ್ಲಿ ಮಾತ್ರ, ಮರದ ಬೇರುಗಳ ನಡುವೆ ನಿಂತ ನೀರಿನಲ್ಲಿ, ಗಂಡುಗಪ್ಪೆಗಳು ಹೊನ್ನಿನ ನಾಣ್ಯಗಳನ್ನು ಚೆಲ್ಲಿದಂತೆ ಕಾಣಿಸಿಕೊಳ್ಳುತ್ತಿದ್ದವು. 1987ರಲ್ಲಿ ಸಾವಿರಕ್ಕೂ ಹೆಚ್ಚು ಕಂಡಿದ್ದವು. 1989ರಲ್ಲಿ ಕಂಡದ್ದು ಒಂದೇ ಒಂದು. ಆಮೇಲೆ ಯಾರಿಗೂ ಕಾಣಿಸಲಿಲ್ಲ. ಅದು ಅಳಿದುಹೋಯಿತೆಂದು 2004ರಲ್ಲಿ ಘೋಷಿಸಲಾಯಿತು. ಕಾಡು ಸುರಕ್ಷಿತವಾಗಿತ್ತು, ಕಾವಲುಗಾರರಿದ್ದರು, ಒಂದು ಮರವನ್ನೂ ಯಾರೂ ಕಡಿದಿರಲಿಲ್ಲ. ಆದರೂ ಒಣಹವೆಯೂ ಕಪ್ಪೆಗಳ ಚರ್ಮಕ್ಕೆ ತಗಲುವ ಶಿಲೀಂಧ್ರರೋಗವೂ ಬೇಲಿಯನ್ನು ಲೆಕ್ಕಿಸಲಿಲ್ಲವೆಂದು ವಿಜ್ಞಾನಿಗಳು ಊಹಿಸುತ್ತಾರೆ.

ಸಾಹಸಪ್ರಿಯರನ್ನು ಸೆಳೆಯುವ ಜಿಪ್‌ಲೈನ್ ಎಂಬ ತಂತಿಯ ಮೇಲಿನ ಜಾರಾಟ ಬಹುಬೇಗ ಹರಡಿದ್ದೂ ಈ ಕಾಡುಗಳಿಂದಲೇ. ಅದರ ಹಿನ್ನೆಲೆಯಲ್ಲಿ ವಿಜ್ಞಾನವಿದೆ. ಉಷ್ಣವಲಯದ ಮಳೆಕಾಡಿನಲ್ಲಿ ಹೂವು, ಹಣ್ಣು, ಕೀಟ, ಹಕ್ಕಿಗಳ ಬಹುಪಾಲು ಇರುವುದು ನೆಲದಿಂದ ಮೂವತ್ತು ನಾಲ್ವತ್ತು ಮೀಟರ್ ಮೇಲೆ, ಎಲೆಗಳ ಚಾವಣಿಯಲ್ಲಿ. ಕೆಳಗೆ ನಿಂತವನಿಗೆ ಕಾಣುವುದು ಬರಿಯ ಕಾಂಡ ಮತ್ತು ಕತ್ತಲೆ. 1970ರ ದಶಕದಲ್ಲಿ ಡೊನಾಲ್ಡ್ ಪೆರ್ರಿ ಎಂಬ ಜೀವವಿಜ್ಞಾನಿ ಅಡ್ಡಬಿಲ್ಲಿನಿಂದ ಬಾಣ ಬಿಟ್ಟು ಕೊಂಬೆಯ ಮೇಲೆ ದಾರ ಹಾಯಿಸಿ, ಅದರಿಂದ ಹಗ್ಗವೇರಿಸಿ, ಹಗ್ಗ ಹಿಡಿದು ತಾವೇ ಮೇಲೇರಿ ಆ ಲೋಕವನ್ನು ಅಧ್ಯಯನ ಮಾಡಿದರು. 1990ರ ದಶಕದಲ್ಲಿ ಮಾಂಟೆವರ್ಡೆಯಲ್ಲಿ ಇಂಥ ಹಗ್ಗತಂತಿಗಳ ವಿದ್ಯೆ ವಿನೋದದ ರೂಪ ತಾಳಿತು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡ ಪ್ರವಾಸಿ ಒಂದು ಮರದ ಅಟ್ಟಣೆಯಿಂದ ಇನ್ನೊಂದಕ್ಕೆ ಉಕ್ಕಿನ ತಂತಿಯ ಮೇಲೆ ರಾಟೆಯೊಡನೆ ಜಾರಿಹೋಗುತ್ತಾನೆ. ಎದೆ ಝಲ್ಲೆನ್ನುವುದು ನಿಜ. ಆದರೆ ಆ ವೇಗದಲ್ಲಿ ಹೋಗುವವನಿಗೆ ಕೆಟ್ಸಾಲ್ ಕಂಡೀತೇ? ಅವನ ಕೂಗಿಗೆ ಅದು ಮೊದಲೇ ಹಾರಿಹೋಗಿರುತ್ತದೆ. ಕಾಡನ್ನು ನೋಡುವವನಿಗೆ ಅದೇ ಎತ್ತರದಲ್ಲಿ ತೂಗುಸೇತುವೆಗಳಿವೆ. ಅವುಗಳ ಮೇಲೆ ಮೆಲ್ಲಗೆ ನಡೆದು, ನಡುವೆ ನಿಂತು, ಎರಡು ಕೈಗಳಿಂದಲೂ ಕಂಬಿ ಹಿಡಿದು ಕೆಳಗೆ ನೋಡುವುದೇ ನನ್ನ ಮಟ್ಟಿಗೆ ಸಾಕಷ್ಟು ಸಾಹಸ.

ನದಿಯ ಸಾಹಸದ ಮಾತು ಬೇರೆ. ಅಲ್ಲಿ ವೇಗ ಮನುಷ್ಯ ಹೇರಿದ್ದಲ್ಲ, ನೀರಿನದೇ. ಟರಿಯಾಲ್ಬ ಪಟ್ಟಣದ ಬಳಿ ಹಾದು ಕೆರಿಬಿಯನ್ ಕಡೆಗೆ ಧುಮುಕುತ್ತ ಹೋಗುವ ಪಕ್ವಾರೆ ನದಿ ಗಾಳಿ ತುಂಬಿದ ರಬ್ಬರ್ ದೋಣಿಗಳ ಯಾನಕ್ಕೆ ಜಗತ್ತಿನಲ್ಲೇ ಹೆಸರಾದದ್ದು. ನದಿಗಳ ಒರಟುತನವನ್ನು ಒಂದರಿಂದ ಆರರವರೆಗೆ ದರ್ಜೆಗಳಲ್ಲಿ ಅಳೆಯುತ್ತಾರೆ. ಒಂದನೆಯದು ಮಕ್ಕಳೂ ತೇಲಬಹುದಾದ ಹರಿವು. ಆರನೆಯದಕ್ಕೆ ಇಳಿಯುವುದೆಂದರೆ ಪ್ರಾಣದ ಆಸೆ ಬಿಟ್ಟಂತೆಯೇ. ಪಕ್ವಾರೆಯ ಹೆಸರಾಂತ ಭಾಗ ಮೂರು ನಾಲ್ಕನೆಯ ದರ್ಜೆಯದು. ದೋಣಿಯ ಹಿಂಭಾಗದಲ್ಲಿ ಕುಳಿತ ಮಾರ್ಗದರ್ಶಿ ‘ಮುಂದೆ’, ‘ಹಿಂದೆ’, ‘ನಿಲ್ಲಿಸಿ’ ಎಂದು ಕೂಗಿದಂತೆ ಎಲ್ಲರೂ ಒಟ್ಟಿಗೆ ಹುಟ್ಟುಹಾಕಬೇಕು. ತಲೆಗೆ ಹೆಲ್ಮೆಟ್ಟು, ಮೈಗೆ ತೇಲುವ ಜಾಕೆಟ್ಟು ಕಡ್ಡಾಯ. ನೀರಿಗೆ ಬಿದ್ದವನಿಗೆ ಮೊದಲೇ ಹೇಳಿಕೊಟ್ಟ ಪಾಠವೊಂದಿದೆ. ಎದ್ದು ನಿಲ್ಲಲು ಹೋಗಬಾರದು. ಕಾಲು ಬಂಡೆಗಳ ಸಂದಿನಲ್ಲಿ ಸಿಕ್ಕಿದರೆ ಸೊಂಟದಷ್ಟು ನೀರೂ ಕೊಲ್ಲುತ್ತದೆ. ಅಂಗಾತನಾಗಿ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ, ದೋಣಿ ಬರುವವರೆಗೆ ತೇಲುತ್ತಿರಬೇಕು. ನಮ್ಮ ಕಾಳಿ ನದಿಯಲ್ಲಿ ದಾಂಡೇಲಿಯ ಬಳಿ ಈ ಯಾನ ಮಾಡಿದವರೂ ಇದೇ ಪಾಠವನ್ನು ಕೇಳಿರುತ್ತಾರೆ.

ಈ ಪಕ್ವಾರೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ತು ಪಡೆಯುವ ಯೋಜನೆ ಬಹುಕಾಲ ತೂಗುತ್ತಿತ್ತು. 2005ರಲ್ಲಿ ಟರಿಯಾಲ್ಬದ ಜನ ಮತದಾನದ ಮೂಲಕ ಅದು ಬೇಡವೆಂದರು. 2015ರಲ್ಲಿ ಸರ್ಕಾರವೇ ಆ ನದಿಯಲ್ಲಿ 25 ವರ್ಷಗಳವರೆಗೆ ಅಣೆಕಟ್ಟು ಕಟ್ಟಕೂಡದೆಂದು ಆಜ್ಞೆ ಹೊರಡಿಸಿತು. ನದಿಯ ಪಕ್ಕದ ಊರುಗಳಲ್ಲಿ ದೋಣಿ ನಡೆಸಿ ಬದುಕುವವರು ಇರದಿದ್ದರೆ ಆ ನಿರಾಕರಣೆಗೆ ಅಷ್ಟು ಬಲ ಬರುತ್ತಿತ್ತೇ ಎಂಬುದು ಯೋಚಿಸಬೇಕಾದ ವಿಷಯ.

ಇದೇ ಪ್ರಶ್ನೆ ಇನ್ನೂ ಸ್ಪಷ್ಟವಾಗಿ ಎದುರಾಗುವುದು ಕೆರಿಬಿಯನ್ ತೀರದ ಟಾರ್ಟುಗೆರೊ ಎಂಬ ಹಳ್ಳಿಯಲ್ಲಿ. ಅಲ್ಲಿಗೆ ರಸ್ತೆಯಿಲ್ಲ, ಕಾಲುವೆಗಳಲ್ಲಿ ದೋಣಿಯಿಂದ ಹೋಗಬೇಕು, ಇಲ್ಲವೇ ಪುಟ್ಟ ವಿಮಾನದಲ್ಲಿ ಇಳಿಯಬೇಕು. ಊರಿನ ಹೆಸರಿನಲ್ಲಿಯೇ ಕಡಲಾಮೆ ಇದೆ. ಜುಲೈಯಿಂದ ಅಕ್ಟೋಬರಿನವರೆಗೆ ಹಸುರು ಕಡಲಾಮೆಗಳು ರಾತ್ರಿಯ ವೇಳೆ ದಡವೇರಿ ಮೊಟ್ಟೆಯಿಡುತ್ತವೆ. ಯೂರೋಪಿನ ಭೋಜನಗೃಹಗಳಲ್ಲಿ ಆಮೆಯ ಸಾರಿಗೆ ಬಹಳ ಬೇಡಿಕೆಯಿದ್ದ ಕಾಲದಲ್ಲಿ ದಡವೇರಿದ ಆಮೆಯನ್ನು ಬೇಟೆಗಾರರು ಅಂಗಾತ ಕೆಡವಿ ಬಿಡುತ್ತಿದ್ದರು. ಹಾಗೆ ಬಿದ್ದ ಆಮೆ ತಾನಾಗಿ ಮಗುಚಿಕೊಳ್ಳಲಾರದು. ಬೆಳಗಾದ ಮೇಲೆ ಹಡಗಿಗೆ ಸಾಗಿಸಿದರಾಯಿತು. 1950ರ ದಶಕದಲ್ಲಿ ಇಲ್ಲಿಗೆ ಬಂದ ಆರ್ಚಿ ಕಾರ್ ಎಂಬ ಅಮೆರಿಕದ ಪ್ರಾಣಿವಿಜ್ಞಾನಿ, ಈ ಆಮೆಗಳು ಉಳಿದ ಕಾಲದಲ್ಲಿ ಎಲ್ಲಿರುತ್ತವೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರು. 1955ರಲ್ಲಿ ಅವುಗಳ ಈಜುಗಾಲಿಗೆ ಲೋಹದ ಬಿಲ್ಲೆ ತೊಡಿಸುವ ಕೆಲಸ ಆರಂಭವಾಯಿತು. ಬಿಲ್ಲೆಯನ್ನು ಹಿಂದಿರುಗಿಸಿದವರಿಗೆ ಸಣ್ಣ ಬಹುಮಾನವಿತ್ತು. ನಿಕರಾಗುವ ಮೊದಲಾದ ಕಡೆಗಳ ಬೆಸ್ತರಿಂದ ಬಿಲ್ಲೆಗಳು ಬರತೊಡಗಿದವು. ಕಡಲಿನ ಹುಲ್ಲುಗಾವಲುಗಳಲ್ಲಿ ಮೇಯುವ ಆಮೆಗಳು ನೂರಾರು ಕಿಲೋಮೀಟರ್ ಈಜಿ ಅದೇ ಮರಳಿಗೆ ಮರಳುತ್ತವೆಂಬುದು ತಿಳಿಯಿತು. ಆ ಬಿಲ್ಲೆ ತೊಡಿಸುವ ಕೆಲಸ ಇಂದಿಗೂ ನಡೆಯುತ್ತಿದೆ.

ಆಮೆಯನ್ನು ಕಾಣಲು ಬರುವವರು ಹೆಚ್ಚಿದಂತೆ ಊರಿನ ಕಸುಬು ಬದಲಾಯಿತು. ಆಮೆ ಹಿಡಿಯುತ್ತಿದ್ದ ಊರಿನಲ್ಲಿ ಆಮೆ ತೋರಿಸುವವರು ಹುಟ್ಟಿಕೊಂಡರು. ಕೊಂದರೆ ಒಂದು ಆಮೆ ಒಂದೇ ಸಲ ಹಣ ಕೊಡುತ್ತದೆ. ಬದುಕಿದರೆ ಎರಡು ಮೂರು ವರ್ಷಕ್ಕೊಮ್ಮೆ ಬಂದು ಕೊಡುತ್ತಲೇ ಇರುತ್ತದೆ. ಈ ಲೆಕ್ಕ ತಿಳಿಯಲು ಗಣಿತದ ಪಾಂಡಿತ್ಯ ಬೇಕಿಲ್ಲ. ಆದರೆ ತೋರಿಸುವುದಕ್ಕೂ ಕಟ್ಟುಪಾಡುಗಳಿವೆ. ಪರವಾನಗಿ ಪಡೆದ ಮಾರ್ಗದರ್ಶಿಯಿಲ್ಲದೆ ರಾತ್ರಿ ದಡಕ್ಕೆ ಹೋಗುವಂತಿಲ್ಲ. ಗುಂಪು ಚಿಕ್ಕದಾಗಿರಬೇಕು, ಉಡುಪು ಕಪ್ಪಾಗಿರಬೇಕು, ಛಾಯಾಗ್ರಹಣ ಕೂಡದು, ಬಿಳಿಯ ದೀಪ ಬೆಳಗಕೂಡದು. ದಡದಲ್ಲಿ ಬೆಳಕು ಕಂಡರೆ ಆಮೆ ಮೊಟ್ಟೆಯಿಡದೆ ಹಿಂದಿರುಗುತ್ತದೆ. ಅದು ಹಿಂಗಾಲುಗಳಿಂದ ಮರಳು ತೋಡಿ ಮೊಟ್ಟೆಯಿಡಲು ತೊಡಗಿದ ಮೇಲೆಯೇ ಮಾರ್ಗದರ್ಶಿ ಪ್ರವಾಸಿಗಳನ್ನು ಹತ್ತಿರ ಕರೆಯುತ್ತಾನೆ. ಆ ಹೊತ್ತಿನಲ್ಲಿ ಅದಕ್ಕೆ ಬೇರೆಯ ಪರಿವೆ ಇರುವುದಿಲ್ಲ. ನೂರರಷ್ಟು ಮೊಟ್ಟೆಗಳು ಒಂದರ ಮೇಲೊಂದು ಗುಳಿಗೆ ಬೀಳುತ್ತವೆ. ಅದರ ಕಣ್ಣಿನಿಂದ ನೀರು ಇಳಿಯುವುದನ್ನು ಕಂಡು ಹಲವರು ಹೆರಿಗೆಯ ನೋವೆಂದು ಮರುಗುತ್ತಾರೆ. ಅದು ಕಡಲಿನಲ್ಲಿ ನುಂಗಿದ ಉಪ್ಪನ್ನು ದೇಹ ಹೊರಹಾಕುವ ಬಗೆ. ಕೆಂಗಂದು ಬೆಳಕಿನಲ್ಲಿ, ಮಾತಿಲ್ಲದೆ, ತೇವದ ಮರಳಿನ ಮೇಲೆ ಕುಳಿತು ಇದನ್ನು ನೋಡುವುದಕ್ಕಿಂತ ಮಿಗಿಲಾದ ರಜೆ ಯಾವುದಿದ್ದೀತು!

ಶಾಂತಸಾಗರದ ತೀರದ ಒಸ್ಟಿಯೊನಾಲಿನಲ್ಲಿ ನಮ್ಮ ಒಡಿಶಾದ ಗಹಿರ್‌ಮಥ, ಋಷಿಕುಲ್ಯ ತೀರಗಳಿಗೆ ಬರುವ ಆಲಿವ್ ರಿಡ್ಲಿ ಜಾತಿಯ ಆಮೆಗಳೇ ಸಾವಿರಗಟ್ಟಲೆಯಾಗಿ ಒಮ್ಮೆಗೇ ದಡವೇರುತ್ತವೆ. ಅಲ್ಲಿ 1987ರಿಂದ ಊರಿನವರು ಮೊದಲ ಗಳಿಗೆಗಳ ಮೊಟ್ಟೆಗಳನ್ನು ತೆಗೆದು ಮಾರಲು ಕಾನೂನಿನ ಅನುಮತಿಯಿದೆ. ಹಿಂದೆ ಬಂದ ಆಮೆಗಳು ಮುಂಚೆ ಬಂದವುಗಳ ಗೂಡನ್ನು ಹೇಗೂ ಕೆದಕಿ ಹಾಳುಮಾಡುತ್ತವೆಂಬುದೇ ಇದಕ್ಕೆ ಆಧಾರ. ಇದಕ್ಕೆ ಪ್ರತಿಯಾಗಿ ಊರಿನವರು ದಡವನ್ನು ಕಾಯುತ್ತಾರೆ, ಮರಿಗಳನ್ನು ಹದ್ದು ನಾಯಿಗಳಿಂದ ರಕ್ಷಿಸಿ ನೀರಿಗೆ ಕಳುಹುತ್ತಾರೆ.

ಎಲ್ಲವೂ ಹೀಗೆ ಹೊಂದಿಕೊಂಡು ಹೋಗುತ್ತಿದೆಯೆಂದು ಹೇಳಿದರೆ ಅದು ಅರ್ಧಸತ್ಯವಾದೀತು. ಮಾನುಯೆಲ್ ಆಂಟೋನಿಯೊ ಎಂಬ ಪುಟ್ಟ ಉದ್ಯಾನವನ್ನೇ ನೋಡಿ. ಖಾಸಗಿ ಮಾಲೀಕರು ಬೇಲಿ ಹಾಕಿ ಕಡಲತೀರವನ್ನು ಮುಚ್ಚಿದಾಗ ಊರಿನವರು ಹೋರಾಡಿ 1972ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವಾಗಿಸಿಕೊಂಡರು. ಇಂದು ಜನಸಂದಣಿಯೇ ಅದರ ಕಂಟಕ. ಅಲ್ಲಿಯ ಬಿಳಿಮುಖದ ಕೋತಿಗಳು ಪ್ರವಾಸಿಗಳ ಕೈತಿಂಡಿಗೆ ಒಗ್ಗಿ ಚೀಲಗಳಿಗೆ ಕೈಹಾಕುವುದನ್ನು ಕಲಿತವು. ಈಗ ದಿನಕ್ಕೆ ಇಷ್ಟೇ ಜನವೆಂಬ ಮಿತಿಯಿದೆ. ವಾರಕ್ಕೊಂದು ದಿನ ಬಾಗಿಲು ಮುಚ್ಚುತ್ತದೆ. ಒಳಗೆ ಒಯ್ಯುವ ತಿಂಡಿಗೆ ನಿರ್ಬಂಧವಿದೆ. ವಾಯವ್ಯದ ಗ್ವಾನಕಾಸ್ಟೆ ಪ್ರಾಂತದಲ್ಲಿ ವರ್ಷದ ಹಲವು ತಿಂಗಳು ಮಳೆಯಿಲ್ಲ. ಕಡಲತೀರದ ಹೋಟೆಲುಗಳಿಗೂ ವಸತಿಗಳಿಗೂ ಒಳನಾಡಿನ ನೀರನ್ನು ಕೊಳವೆಯಲ್ಲಿ ಒಯ್ಯುವ ಯೋಜನೆ ಬಂದಾಗ, 2008ರಲ್ಲಿ ಸಾರ್ದಿನಾಲ್ ಎಂಬ ಊರಿನ ಜನ ಬೀದಿಗಿಳಿದರು. ತಮ್ಮ ಬಾವಿ ಬತ್ತಿದರೆ ಈಜುಕೊಳ ತುಂಬಿ ಪ್ರಯೋಜನವೇನು ಎಂಬ ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. 2020ರಲ್ಲಿ ಮಹಾಮಾರಿಯಿಂದ ಗಡಿಗಳು ಮುಚ್ಚಿದಾಗ ಬಂದವರ ಸಂಖ್ಯೆ ಹಿಂದಿನ ವರ್ಷದ ಮೂರನೆಯ ಒಂದು ಪಾಲಿಗೆ ಕುಸಿಯಿತು. ಅತಿಥಿಯನ್ನೇ ನಂಬಿದ ಮನೆಗೆ ಅತಿಥಿ ಬಾರದಿದ್ದರೆ ಒಲೆ ಉರಿಯುವುದಿಲ್ಲವೆಂಬುದು ಸಾವಿರಾರು ಮಾರ್ಗದರ್ಶಿಗಳಿಗೆ ಆಗ ಅರಿವಾಯಿತು.

ಆದ್ದರಿಂದ ಪ್ರವಾಸಿಯ ಹಣವೊಂದೇ ಕಾಡನ್ನು ಮರಳಿ ತಂದಿತೆಂದು ಹೇಳಲಾಗದು. ಗೋಮಾಂಸದ ಬೆಲೆ ಇಳಿದುದೂ ಒಂದು ಕಾರಣ. 1996ರ ಅರಣ್ಯ ಕಾನೂನು ಇರುವ ಕಾಡನ್ನು ಬೇರೆ ಉಪಯೋಗಕ್ಕೆ ಬದಲಿಸುವುದನ್ನು ನಿಷೇಧಿಸಿತು. ಮರುವರ್ಷದಿಂದ, ತನ್ನ ನೆಲದಲ್ಲಿ ಕಾಡನ್ನು ಉಳಿಸಿಕೊಂಡ ರೈತನಿಗೆ ಸರ್ಕಾರ ಹಣ ಕೊಡತೊಡಗಿತು. ಮರ ನೀರು ಹಿಡಿಯುತ್ತದೆ, ಗಾಳಿಯ ಇಂಗಾಲವನ್ನು ಹೀರುತ್ತದೆ, ಜೀವಿಗಳಿಗೆ ನೆಲೆ ಕೊಡುತ್ತದೆ, ನೋಡುವವರಿಗೆ ಚೆಲುವು ಕೊಡುತ್ತದೆ. ಈ ನಾಲ್ಕು ಸೇವೆಗಳಿಗೆ ಕೂಲಿಯೆಂದೇ ಅದನ್ನು ಕೊಡುವುದು. ಆ ಹಣದ ಬಹುಪಾಲು ಇಂಧನತೈಲದ ಮೇಲಿನ ತೆರಿಗೆಯಿಂದ ಬಂತು. ಹಿಂದೆ ಮರ ಬಿದ್ದರೆ ಆಸ್ತಿಯಾಗುತ್ತಿದ್ದ ನಾಡಿನಲ್ಲಿ ಮರ ನಿಂತರೆ ಆದಾಯವೆಂಬ ನಿಯಮ ಹೀಗೆ ಬಂತು. ಇಂದು ದೇಶದ ಅರ್ಧಕ್ಕಿಂತ ಹೆಚ್ಚು ನೆಲದ ಮೇಲೆ ಕಾಡಿದೆ.

ವೆಸ್‌ಬರ್ಗ್ ಅವರು ಪ್ರಾಣ ತೆತ್ತ ಓಸದ ಕಾಡಿಗೆ, ಕೊರ್ಕೊವಾಡೊಗೆ, ಈಗ ಪ್ರವಾಸಿಗಳು ಹೋಗುತ್ತಾರೆ. ಟೇಪಿರ್ ಎಂಬ ಕುಳ್ಳಸೊಂಡಿಲಿನ ಪ್ರಾಣಿಯನ್ನೂ ಕೆಂಪು ಮಕಾವ್ ಗಿಳಿಗಳನ್ನೂ ಕಾಣಲು ಕೆಸರಿನ ದಾರಿಯಲ್ಲಿ ನಡೆಯುತ್ತಾರೆ. 2014ರಿಂದ ಮಾರ್ಗದರ್ಶಿಯಿಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಕಾಬೊ ಬ್ಲಾಂಕೊ ರಕ್ಷಿತಾರಣ್ಯವೂ ಈಗ ಒಂದು ಭಾಗದಲ್ಲಿ ನಡೆಯುವವರಿಗೆ ತೆರೆದಿದೆ. ಕಾರೆನ್ ಮೊಗೆನ್ಸೆನ್ ಅವರು ಪತಿಯ ಮರಣದ ಅನಂತರವೂ ಮಾಂಟೆಸುಮದಲ್ಲಿಯೇ ಇದ್ದು 1994ರಲ್ಲಿ ತೀರಿಕೊಂಡರು. ಅವರ ತೋಟದ ನೆಲ ಪತಿಯ ಹೆಸರಿನ ರಕ್ಷಿತಾರಣ್ಯವಾಯಿತು. ಅದರ ಪಕ್ಕದಲ್ಲಿಯೇ ಕಡಲತೀರದ ದಾರಿಯಿದೆ. ಪ್ರವಾಸಿಗಳು ಆ ದಾರಿಯಲ್ಲಿ ಹೋಗುತ್ತ, ಒಳಗಿನಿಂದ ಊಳಿಡುವ ಕೋತಿಗಳ ಕೂಗನ್ನು ಕೇಳುತ್ತಾರೆ. ಆ ತೋಟಕ್ಕೆ ಮಾತ್ರ ಪ್ರವಾಸಿಗಳಿಗೆ ಪ್ರವೇಶವಿಲ್ಲ.